ಗೋಡೆ ತೆಗೆದ ಮನೆ

(ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬದ ಪ್ರಬೋಧನೆ)



ಪ್ರತಿ ವರ್ಷ ನವೆಂಬರ್ 9ರಂದು ನಮ್ಮ ಧರ್ಮಸಭೆ ಒಂದು ಕಟ್ಟಡದ ಹಬ್ಬವನ್ನು ಆಚರಿಸುತ್ತದೆ. ರೋಮ್ ನಗರದ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವಿದು. ಈ ದಿನ ಭಾನುವಾರ ಬಂದರೆ ಆ ಭಾನುವಾರದ ಪೂಜೆಯನ್ನು ಬದಿಗಿಟ್ಟು ಈ ಹಬ್ಬದ ಪೂಜೆಯನ್ನೇ ಅರ್ಪಿಸುತ್ತೇವೆ. ಸಂತರ ಹಬ್ಬವನ್ನು ಏಕೆ ಆಚರಿಸುತ್ತೇವೆ ಎಂಬುದು ನಮಗೆಲ್ಲ ಗೊತ್ತು. ಆದರೆ ನಮ್ಮಲ್ಲಿ ಹೆಚ್ಚಿನವರು ಕಣ್ಣಿನಿಂದ ಕಾಣದ, ಅಷ್ಟು ದೂರದ ಒಂದು ಕಟ್ಟಡದ ಹಬ್ಬ ನಮ್ಮ ಊರಿನವರಿಗೆ ಏಕೆ?

ಪೋಪ್ ಜಗದ್ಗುರುಗಳ ಪ್ರಧಾನಾಲಯ ಯಾವುದೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಸಂತ ಪೇತ್ರರ ಮಹಾದೇವಾಲಯ ಎನ್ನುತ್ತಾರೆ. ಅದು ಸರಿಯಲ್ಲ. ರೋಮಿನ ಧರ್ಮಾಧ್ಯಕ್ಷರಾಗಿ ಅವರ ಪ್ರಧಾನಾಲಯ ಲಾತೆರಾನ್. ಆದ್ದರಿಂದಲೇ ಅದನ್ನು ಲೋಕದ ಎಲ್ಲ ದೇವಾಲಯಗಳ ತಾಯಿ ಎಂದು ಕರೆಯುತ್ತಾರೆ. ತಾಯಿಯ ಹಬ್ಬ ಎಲ್ಲ ಮಕ್ಕಳ ಹಬ್ಬವೂ ಹೌದು. ನಮ್ಮ ಧರ್ಮಕೇಂದ್ರದ ದೇವಾಲಯವೂ, ಹೆಂಚಿನ ಮಾಡಿನ ಸಣ್ಣ ಪ್ರಾರ್ಥನಾ ಮಂದಿರವೂ ಆ ತಾಯಿಯ ಮಕ್ಕಳೇ. ಇಂದು ನಾವು ಇನ್ನೊಂದು ಹೆಜ್ಜೆ ಮುಂದಿಟ್ಟು, ನಮ್ಮ ಮನೆಗಳೂ ನಮ್ಮ ಹೃದಯಗಳೂ ಈ ತಾಯಿಯ ಮಕ್ಕಳೇ ಎಂಬುದನ್ನು ಧ್ಯಾನಿಸೋಣ.

ಮನೆಯಿಂದ ದೇವಾಲಯ

ಲಾತೆರಾನ್ ಎಂಬುದು ಯಾವ ಸಂತರ ಹೆಸರೂ ಅಲ್ಲ. ಅದು ಒಂದು ಮನೆತನದ ಹೆಸರು. ಲಾತೆರಾನಿ ಎಂಬ ರೋಮನ್ ಮನೆತನದವರ ಮನೆ ಆ ಜಾಗದಲ್ಲಿತ್ತು. ಮುಂದೆ ಆ ಆಸ್ತಿ ಅರಸರ ವಶವಾಯಿತು. 313ರಲ್ಲಿ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ದೊರೆತ ಕಾಲದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಅದನ್ನು ರೋಮಿನ ಧರ್ಮಾಧ್ಯಕ್ಷರಿಗೆ ಒಪ್ಪಿಸಿದನು. ಅಲ್ಲಿ ಕಟ್ಟಿದ ದೇವಾಲಯವನ್ನು 324ರಲ್ಲಿ ಪೋಪ್ ಸಂತ ಸಿಲ್ವೆಸ್ಟರರು ಪ್ರತಿಷ್ಠಾಪಿಸಿದರು. 896ರ ಭೂಕಂಪದಲ್ಲಿ ಅದು ಕುಸಿಯಿತು, 14ನೆಯ ಶತಮಾನದಲ್ಲಿ ಎರಡು ಸಲ ಬೆಂಕಿಗೆ ತುತ್ತಾಯಿತು. ಪ್ರತಿಸಲವೂ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಹಾಗಾದರೆ ಅದಕ್ಕೂ ಮೊದಲಿನ ಸುಮಾರು 300 ವರ್ಷ ಕ್ರೈಸ್ತರು ಎಲ್ಲಿ ಸೇರುತ್ತಿದ್ದರು? ಹೆಚ್ಚಾಗಿ ಮನೆಗಳಲ್ಲಿ. ಮೊದಲ ವಿಶ್ವಾಸಿಗಳು ಮನೆಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಸಂತ ಪೌಲರು ತಮ್ಮ ಪತ್ರಗಳಲ್ಲಿ ಪ್ರಿಸ್ಕ ಮತ್ತು ಅಕ್ವಿಲ ದಂಪತಿಗಳ ಮನೆಯಲ್ಲಿ ಸೇರುವ ಸಭೆಗೆ, ಫಿಲೆಮೋನನ ಮನೆಯ ಸಭೆಗೆ, ನಿಂಫಾ ಎಂಬ ಸ್ತ್ರೀಯ ಮನೆಯ ಸಭೆಗೆ ವಂದನೆ ತಿಳಿಸುತ್ತಾರೆ. ಪ್ರಿಸ್ಕ ಮತ್ತು ಅಕ್ವಿಲ ಗುಡಾರ ಕಟ್ಟುವ ಕಸುಬಿನವರು. ಹಗಲಿಡೀ ದುಡಿಯುತ್ತಿದ್ದ ಆ ದಂಪತಿಗಳ ಮನೆ ದೇವರ ಮನೆಯೂ ಆಗಿತ್ತು.

ಇಂಥ ಒಂದು ಮನೆಯನ್ನು ಭೂಮಿ ನಮಗಾಗಿ ಜೋಪಾನ ಮಾಡಿಟ್ಟಿದೆ. ಸಿರಿಯಾ ದೇಶದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ಮೇಲೆ ದೂರಾ-ಯೂರೋಪಸ್ ಎಂಬ ಕೋಟೆಯ ಪಟ್ಟಣವಿತ್ತು. ಶತ್ರುಗಳು ಮುತ್ತಿಗೆ ಹಾಕಿದಾಗ ಕೋಟೆಯ ಗೋಡೆಗೆ ಬಲ ಬರಲೆಂದು ಪಟ್ಟಣದವರು ಅದರ ಪಕ್ಕದ ಮನೆಗಳ ಮೇಲೆ ಮಣ್ಣು ಸುರಿದರು. 256ರಲ್ಲಿ ಪಟ್ಟಣ ನಾಶವಾಯಿತು. 1930ರ ದಶಕದ ಆರಂಭದಲ್ಲಿ ಆ ಮಣ್ಣನ್ನು ಅಗೆದಾಗ ಕ್ರೈಸ್ತರು ದೇವಾಲಯವಾಗಿ ಬಳಸುತ್ತಿದ್ದ ಒಂದು ಮನೆ ದೊರೆಯಿತು. ನಡುವೆ ಅಂಗಳ, ಸುತ್ತಲೂ ಕೋಣೆಗಳು, ಹೊರಗಿನಿಂದ ನೋಡಿದರೆ ಬೀದಿಯ ಇತರ ಮನೆಗಳಂತೆಯೇ ಒಂದು ಮನೆ. ಒಂದು ಕೋಣೆಯಲ್ಲಿ ಜ್ಞಾನಸ್ನಾನದ ತೊಟ್ಟಿ, ಅದರ ಮೇಲಿನ ಗೋಡೆಯಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರುಬನ ಚಿತ್ರ. ಆದರೆ ಇಂದು ನಾವು ಗಮನಿಸಬೇಕಾದದ್ದು ಬೇರೊಂದು ಸಂಗತಿ. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರಲು ಜಾಗ ಸಾಲದೆ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದುಹಾಕಿದ್ದರು.

ಪ್ರಿಯರೇ, ಆ ಮನೆ ದೇವಾಲಯವಾದದ್ದು ಒಂದು ಗೋಡೆ ಬಿದ್ದಾಗ.

ನಾವು ಕಟ್ಟುವ ಗೋಡೆಗಳು

ನಮ್ಮ ಮನೆಗಳಲ್ಲಿ ಪೀಠವಿದೆ, ಯೇಸುವಿನ ಪವಿತ್ರ ಹೃದಯದ ಪಟವಿದೆ, ಮಾತೆ ಮರಿಯಮ್ಮನವರ ಸ್ವರೂಪವಿದೆ, ಬಾಗಿಲ ಮೇಲೆ ಶಿಲುಬೆಯಿದೆ. ಗೃಹಪ್ರವೇಶದ ದಿನ ಗುರುಗಳನ್ನು ಕರೆಸಿ ಮನೆ ಮಂತ್ರಿಸಿಕೊಳ್ಳುತ್ತೇವೆ. ಇವೆಲ್ಲ ಒಳ್ಳೆಯವು, ಇವನ್ನು ಎಂದೂ ಬಿಡಬಾರದು. ಆದರೆ ಅದೇ ಪಟದ ಕೆಳಗೆ ಕುಳಿತು ಅಣ್ಣತಮ್ಮಂದಿರು ಮಾತು ಬಿಟ್ಟಿಲ್ಲವೇ? ಒಂದೇ ಅಂಗಳದಲ್ಲಿ ಆಡಿ ಬೆಳೆದವರು ನಡುಮನೆಯ ಮಧ್ಯದಲ್ಲಿ ಇಟ್ಟಿಗೆಯ ಗೋಡೆ ಎಬ್ಬಿಸಿ, ಆಚೆ ಒಂದು ಪಟ, ಈಚೆ ಒಂದು ಪಟ ತೂಗುಹಾಕಿಲ್ಲವೇ? ಭಾನುವಾರ ಒಂದೇ ಪೂಜೆಗೆ ಬಂದು, ಒಬ್ಬರು ಬಲಬದಿಯ ಬೆಂಚಿನಲ್ಲಿ, ಇನ್ನೊಬ್ಬರು ಎಡಬದಿಯ ಬೆಂಚಿನಲ್ಲಿ ಕುಳಿತು, ಸಮಾಧಾನದ ವಂದನೆಯ ಹೊತ್ತಿಗೆ ಇನ್ನೊಂದು ಕಡೆ ಮುಖ ತಿರುಗಿಸುವುದನ್ನು ನಾವು ಕಂಡಿಲ್ಲವೇ?

ಆಸ್ತಿ ಪಾಲಾಗುವುದು ಪಾಪವಲ್ಲ. ಸಂಸಾರ ಬೆಳೆದಂತೆ ಬೇರೆ ಒಲೆ ಹೂಡುವುದು ಸಹಜ. ಅಬ್ರಹಾಮನೂ ಲೋಟನೂ ಬೇರೆಯಾದರು. ಆದರೆ ಹೇಗೆ ಬೇರೆಯಾದರು? ದನಕಾಯುವವರ ನಡುವೆ ಜಗಳ ಬಂದಾಗ ಹಿರಿಯನಾದ ಅಬ್ರಹಾಮನು ತನ್ನ ತಮ್ಮನ ಮಗನಿಗೆ, ಮೊದಲು ನೀನೇ ಆರಿಸಿಕೋ ಎಂದನು. ಲೋಟನು ನೀರಾವರಿಯ ಒಳ್ಳೆಯ ಭೂಮಿಯನ್ನೇ ಆರಿಸಿಕೊಂಡನು. ಅಬ್ರಹಾಮನು ಬೇಸರಿಸಿಕೊಳ್ಳಲಿಲ್ಲ. ಮುಂದೆ ಲೋಟನು ಸೆರೆಯಾದಾಗ ಅವನನ್ನು ಬಿಡಿಸಲು ಓಡಿದವನೂ ಅಬ್ರಹಾಮನೇ. ಜಮೀನು ಎರಡಾಯಿತು, ಮನಸ್ಸು ಎರಡಾಗಲಿಲ್ಲ.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹಗ್ಗದ ಚಾವಟಿ ಹೆಣೆದು ಜೆರುಸಲೇಮಿನ ದೇವಾಲಯದಿಂದ ದನಕುರಿಗಳನ್ನೂ ವ್ಯಾಪಾರಿಗಳನ್ನೂ ಹೊರಗಟ್ಟುತ್ತಾರೆ, ನಾಣ್ಯ ಬದಲಿಸುವವರ ಮೇಜುಗಳನ್ನು ಮಗುಚಿಹಾಕುತ್ತಾರೆ. ಆ ವ್ಯಾಪಾರಿಗಳು ಅಲ್ಲಿ ಕಳ್ಳದಾರಿಯಲ್ಲಿ ನುಗ್ಗಿದವರಲ್ಲ. ಬಲಿಗೆ ಪ್ರಾಣಿ ಬೇಕಿತ್ತು, ಕಾಣಿಕೆಗೆ ಅಲ್ಲಿನ ನಾಣ್ಯ ಬೇಕಿತ್ತು. ಉಪಯೋಗಕ್ಕೆಂದು ಒಳಗೆ ಬಂದದ್ದು ನಿಧಾನವಾಗಿ ಪ್ರಾರ್ಥನೆಯ ಜಾಗವನ್ನೆಲ್ಲ ತುಂಬಿಕೊಂಡಿತು.

ನಮ್ಮ ಹೃದಯದ ಅಂಗಳದಲ್ಲಿಯೂ ನಾಣ್ಯದ ಮೇಜು ಹಾಕಿಕೊಂಡು ಒಬ್ಬನು ಕುಳಿತಿರುತ್ತಾನೆ. ಮದುವೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕ ನಮಗೆಲ್ಲ ಗೊತ್ತು. ಯಾರು ಎಷ್ಟು ಹಾಕಿದರು, ಅವರಿಗೆ ನಾವು ಎಷ್ಟು ತಿರುಗಿ ಹಾಕಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ. ಆ ಪುಸ್ತಕದಿಂದ ತೊಂದರೆಯಿಲ್ಲ. ತೊಂದರೆ ಹೃದಯದೊಳಗಿನ ಮುಯ್ಯಿ ಪುಸ್ತಕದಿಂದ. ಅಪ್ಪ ತೀರಿಕೊಂಡಾಗ ಅವರು ಮಣ್ಣಿಗೆ ಬರಲಿಲ್ಲ. ಮಗುವಿನ ಜ್ಞಾನಸ್ನಾನಕ್ಕೆ ನಮ್ಮನ್ನು ಕರೆಯಲಿಲ್ಲ. ಅತ್ತೆ 15 ವರ್ಷದ ಹಿಂದೆ ಹತ್ತು ಜನರ ಮುಂದೆ ಹೀಗೆಂದರು. ಈ ಬಾಕಿಗಳು ವರ್ಷದಿಂದ ವರ್ಷಕ್ಕೆ ಬಡ್ಡಿ ಸಮೇತ ಬೆಳೆಯುತ್ತವೆ. ಜಪಸರ ಹಿಡಿದಾಗಲೂ ಮನಸ್ಸು ಆ ಪುಟಗಳನ್ನೇ ಮಗುಚುತ್ತಿರುತ್ತದೆ. ಮನೆಯ ಗೋಡೆ ಮೊದಲು ಏಳುವುದು ಇಲ್ಲಿ. ಮೇಸ್ತ್ರಿ ಬರುವುದು ಆಮೇಲೆ.

ಆದ್ದರಿಂದ ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ಕೊರಿಂಥದವರಿಗೆ, ನೀವೇ ದೇವರ ಆಲಯ, ಪವಿತ್ರಾತ್ಮರು ನಿಮ್ಮಲ್ಲಿ ನೆಲೆಸಿದ್ದಾರೆ ಎಂದು ನೆನಪಿಸುತ್ತಾರೆ. ಯಾರಿಗೆ ಹೇಳಿದ ಮಾತಿದು? ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಎಂದು ಪಂಗಡ ಕಟ್ಟಿಕೊಂಡು ಜಗಳವಾಡುತ್ತಿದ್ದವರಿಗೆ. ಒಬ್ಬರಿಂದೊಬ್ಬರು ಒಡೆದುಕೊಳ್ಳುವುದೆಂದರೆ ದೇವರ ಆಲಯವನ್ನೇ ಒಡೆಯುವುದೆಂದು ಅವರು ಎಚ್ಚರಿಸುತ್ತಾರೆ. ಎಫೆಸದವರಿಗೆ ಬರೆದ ಪತ್ರದಲ್ಲಿ, ಎರಡು ಜನಾಂಗಗಳ ನಡುವಿನ ಗೋಡೆಯನ್ನು ಕ್ರಿಸ್ತರು ತಮ್ಮ ದೇಹದಲ್ಲೇ ಕೆಡವಿದರೆಂದು ಓದುತ್ತೇವೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ಕ್ಷಣದಲ್ಲಿ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಕ್ರಿಸ್ತರು ಇಷ್ಟು ಬೆಲೆ ಕೊಟ್ಟು ತೆಗೆದ ಗೋಡೆಯನ್ನು ನಾವು ಮತ್ತೆ ಕಟ್ಟಬಾರದು.

ನೀರು, ತೈಲ, ಧೂಪ, ಬೆಳಕು

ಹೊಸ ದೇವಾಲಯದ ಪ್ರತಿಷ್ಠಾಪನೆಯನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ. ಧರ್ಮಾಧ್ಯಕ್ಷರು ಜನರ ಮೇಲೂ ಗೋಡೆಗಳ ಮೇಲೂ ಬಲಿಪೀಠದ ಮೇಲೂ ತೀರ್ಥ ಪ್ರೋಕ್ಷಿಸುತ್ತಾರೆ. ಬಲಿಪೀಠಕ್ಕೂ ಗೋಡೆಗಳಿಗೂ ಪವಿತ್ರ ತೈಲವನ್ನು ಲೇಪಿಸುತ್ತಾರೆ. ಬಲಿಪೀಠದ ಮೇಲೆ ಧೂಪ ಹಾಕುತ್ತಾರೆ. ಕೊನೆಗೆ ದೀಪಗಳನ್ನು ಬೆಳಗಿಸುತ್ತಾರೆ. ಈ ನಾಲ್ಕು ಕಾರ್ಯಗಳನ್ನು ನಮ್ಮ ಮನೆಯಲ್ಲಿ ಪ್ರತಿದಿನವೂ ಮಾಡಲು ಸಾಧ್ಯವಿದೆ.

ಮೊದಲನೆಯದು ನೀರು. ಅದು ತೊಳೆಯುತ್ತದೆ. ಮನೆಯನ್ನು ತೊಳೆಯುವ ನೀರು ಕ್ಷಮೆ. ಪೋಪ್ ಫ್ರಾನ್ಸಿಸರು ಕುಟುಂಬಗಳಿಗೆ ಮೂರು ಮಾತುಗಳನ್ನು ಮತ್ತೆ ಮತ್ತೆ ಕಲಿಸುತ್ತಿದ್ದರು: ದಯವಿಟ್ಟು, ವಂದನೆ, ಕ್ಷಮಿಸು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗೆ, ಅಪ್ಪ ಮಗನಿಗೆ ಕ್ಷಮಿಸು ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಜಗಳವಾಗಿ ಎರಡು ತಾಸಿನ ಮೇಲೆ, ಊಟ ಆಯ್ತಾ ಎಂದು ಕೇಳುತ್ತೇವೆ. ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು, ಅದು ಊಟದ ಪ್ರಶ್ನೆಯಲ್ಲವೆಂದು. ಆ ಪ್ರಶ್ನೆಯನ್ನಾದರೂ ಕೇಳೋಣ, ಸೂರ್ಯ ಮುಳುಗುವ ಮೊದಲೇ ಕೇಳೋಣ. ಆದರೆ ನಿಜವಾಗಿ ನೋಯಿಸಿದ್ದರೆ, ತಪ್ಪಾಯಿತು ಎಂಬ ಮಾತನ್ನೂ ಆಡಲು ಕಲಿಯೋಣ. ತಂದೆತಾಯಿ ಒಬ್ಬರನ್ನೊಬ್ಬರು ಕ್ಷಮಿಸುವುದನ್ನು ಕಂಡ ಮಗುವಿಗೆ ಪಾಪನಿವೇದನೆಯ ಸಂಸ್ಕಾರವನ್ನು ಅರ್ಥಮಾಡಿಸುವುದು ಕಷ್ಟವಲ್ಲ.

ಎರಡನೆಯದು ತೈಲ. ದೇವಾಲಯದ ಗೋಡೆಗೆ ಹಚ್ಚುವ ತೈಲವನ್ನೇ ಜ್ಞಾನಸ್ನಾನದಲ್ಲಿ ಮಗುವಿನ ನೆತ್ತಿಗೆ ಹಚ್ಚುತ್ತಾರೆ. ಎಂದರೆ ನಮ್ಮ ಮನೆಯಲ್ಲಿರುವ ಪ್ರತಿಯೊಬ್ಬರೂ ಪ್ರತಿಷ್ಠಾಪನೆಗೊಂಡ ದೇವಾಲಯ. ಹಾಸಿಗೆ ಹಿಡಿದ ಅಜ್ಜನೂ, ಬುದ್ಧಿ ಬೆಳೆಯದ ಮಗಳೂ, ಕೆಲಸ ಸಿಗದೆ ಮನೆಯಲ್ಲಿ ಕುಳಿತ ಮಗನೂ ದೇವಾಲಯಗಳೇ. ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕುವ ಮೊಮ್ಮಗನ ಕೈ ಅರಿಯದೆಯೇ ಬಲಿಪೀಠವನ್ನು ಮುಟ್ಟುತ್ತಿದೆ. ವಯಸ್ಸಾದ ತಾಯಿಯನ್ನು ತಿಂಗಳಿಗೊಬ್ಬ ಮಗನಂತೆ ಮನೆಯಿಂದ ಮನೆಗೆ ಸಾಗಿಸಿ, ತಿಂಗಳ ಕೊನೆಯ ದಿನ ಎಣಿಸುವ ಮನೆಯಲ್ಲಿ ಎಷ್ಟು ಮೇಣದಬತ್ತಿ ಉರಿದರೇನು ಬಂತು?

ಮೂರನೆಯದು ಧೂಪ, ಅಂದರೆ ಪ್ರಾರ್ಥನೆ. ಸಂತ ಜಾನ್ ಕ್ರಿಸೋಸ್ತೋಮರು 4ನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದ ಜನರಿಗೆ ಬೋಧಿಸುತ್ತಾ, ಮನೆಗೆ ಹೋದಾಗ ಊಟದ ಮೇಜಿನ ಜೊತೆಗೆ ದೇವರ ವಾಕ್ಯದ ಮೇಜನ್ನೂ ಹಾಕಿರಿ, ಮನೆಯನ್ನು ದೇವಾಲಯ ಮಾಡಿರಿ ಎಂದು ತಿಳಿಹೇಳಿದರು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಯೇ ಎಂದು ಸಾರಿತು.

ಇದು ಬರೀ ಬೋಧನೆಯಲ್ಲ, ನಮ್ಮ ನಾಡಿನ ಅನುಭವವೂ ಹೌದು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1799ರಲ್ಲಿ ಬಿಡುಗಡೆಯಾಗಿ ಬದುಕಿ ಉಳಿದವರು ಮರಳಿದಾಗ ಹಾಳಾದ ದೇವಾಲಯಗಳನ್ನು ಮತ್ತೆ ಕಟ್ಟಿದರು. ದೇವಾಲಯವಿಲ್ಲದ ಸುಮಾರು 15 ವರ್ಷ ವಿಶ್ವಾಸ ಉಳಿದದ್ದು ಜನರ ಎದೆಯಲ್ಲಿ, ಸಂಸಾರಗಳ ನಡುವೆ. ನಮ್ಮ ಕಾಲದಲ್ಲಿಯೂ 2020ರ ಮಾರ್ಚ್ ತಿಂಗಳಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದವು. ಆ ವರ್ಷದ ಪುನರುತ್ಥಾನದ ಹಬ್ಬವನ್ನು ನಾವು ಮನೆಯಲ್ಲೇ ಆಚರಿಸಿದೆವು. ಪೀಠದ ಮುಂದೆ ದೀಪ ಹಚ್ಚಿ, ಶುಭಸಂದೇಶ ಓದಿ, ಒಟ್ಟಿಗೆ ಮೊಣಕಾಲೂರಿದ ಮನೆಗಳು ಆಗ ಎಷ್ಟೋ ಇದ್ದವು. ಬಾಗಿಲು ತೆರೆದ ಮೇಲೆ ಆ ಪ್ರಾರ್ಥನೆ ಎಲ್ಲಿ ಹೋಯಿತು? ಧಾರಾವಾಹಿಗೆ ಒಂದು ಹೊತ್ತು ಇದೆ, ಮೊಬೈಲಿಗೆ ಹೊತ್ತೇ ಬೇಕಿಲ್ಲ. ಸಂಜೆಯ ಜಪಸರಕ್ಕೆ ಒಂದು ಹೊತ್ತು ಗೊತ್ತುಮಾಡೋಣ. ಪೂರ್ತಿ ಆಗದಿದ್ದರೆ ಒಂದೇ ದಶಕವಾದರೂ ಸಾಕು. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಅದೇ ಮೊಬೈಲಿನಲ್ಲಿ ಸೇರಿಕೊಳ್ಳಲಿ.

ನಾಲ್ಕನೆಯದು ಬೆಳಕು. ಪವಿತ್ರ ಸ್ಥಳದಲ್ಲಿ ಮುಚ್ಚುಮರೆಯಿರುವುದಿಲ್ಲ. ಹೆಂಡತಿಗೆ ಹೇಳದೆ ಮಾಡಿದ ಸಾಲ, ಗಂಡನಿಂದ ಬಚ್ಚಿಟ್ಟ ಚೀಟಿಯ ಬಾಕಿ, ಮಕ್ಕಳು ಬಾಗಿಲು ಹಾಕಿಕೊಂಡು ನೋಡುವ ಪರದೆ, ಊರಿಗೆಲ್ಲ ಗೊತ್ತಿದ್ದರೂ ಮನೆಯಲ್ಲಿ ಯಾರೂ ಎತ್ತದ ಕುಡಿತದ ಮಾತು, ಇವು ಕತ್ತಲೆಯಲ್ಲೇ ಬೆಳೆಯುತ್ತವೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕ್ಷಮೆಯೆಂದರೆ ಹೊಡೆತ ತಿನ್ನುತ್ತಾ ಬಾಯಿ ಮುಚ್ಚಿಕೊಂಡಿರುವುದಲ್ಲ. ದೇವರ ಆಲಯವಾದ ಹೆಂಡತಿಯ ಮೇಲೆ ಕೈಮಾಡುವವನು ಆ ಆಲಯವನ್ನೇ ಹೊಲಸು ಮಾಡುತ್ತಾನೆ. ದೌರ್ಜನ್ಯದಿಂದ ಸಂಗಾತಿಯನ್ನೂ ಮಕ್ಕಳನ್ನೂ ಕಾಪಾಡಲು ದೂರವಿರುವುದು ಕೆಲವೊಮ್ಮೆ ಅನಿವಾರ್ಯವೆಂದು ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತಿಸಿಯಾ' ಎಂಬ ಪ್ರೇಷಿತ ಪ್ರಬೋಧನೆಯಲ್ಲಿ ಒಪ್ಪಿದ್ದಾರೆ. ಅಂಥ ನೋವಿನಲ್ಲಿರುವವರು ಮಾನ ಹೋದೀತೆಂದು ಹೆದರದೆ ಗುರುಗಳ ಬಳಿಗೆ, ಧರ್ಮಭಗಿನಿಯರ ಬಳಿಗೆ, ನಂಬಿಕೆಯ ನೆರೆಯವರ ಬಳಿಗೆ ಬನ್ನಿರಿ. ಅಗತ್ಯವಿದ್ದರೆ ಕಾನೂನಿನ ನೆರವನ್ನೂ ಪಡೆಯಿರಿ. ಅದರಲ್ಲಿ ಪಾಪವಿಲ್ಲ.

ಹೊಸ್ತಿಲು ದಾಟುವ ನೀರು

ಇಂದಿನ ಮೊದಲ ವಾಚನದಲ್ಲಿ ಪ್ರವಾದಿ ಯೆಜೆಕಿಯೇಲರು ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಡುವುದನ್ನು ಕಾಣುತ್ತಾರೆ. ಮೊದಲು ಹರಡಿನಷ್ಟು, ಆಮೇಲೆ ಮೊಣಕಾಲಿನಷ್ಟು, ನಂತರ ಸೊಂಟದಷ್ಟು, ಕೊನೆಗೆ ಈಜಿ ದಾಟಲಾಗದ ನದಿ. ಆ ನೀರು ಉಪ್ಪಿನ ಸಮುದ್ರಕ್ಕೆ ಸೇರಿ ಅದನ್ನೂ ಸಿಹಿ ಮಾಡುತ್ತದೆ. ನಮ್ಮ ಹಿರಿಯರು ಹೊಸ್ತಿಲನ್ನು ತುಳಿಯಲು ಬಿಡುತ್ತಿರಲಿಲ್ಲ, ಅದಕ್ಕೆ ಅಷ್ಟು ಗೌರವ. ಪವಿತ್ರವಾದ ಮನೆಯ ಗುರುತು ಇದೇ: ಅದರ ಒಳ್ಳೆಯತನ ಹೊಸ್ತಿಲು ದಾಟಿ ಹೊರಗೆ ಹರಿಯುತ್ತದೆ. ಮನೆಗೆಲಸಕ್ಕೆ ಬರುವವಳಿಗೆ ಬೇರೆ ಲೋಟವಿಡದ ಮನೆ, ಬೇರೆ ಧರ್ಮದ ನೆರೆಯವರು ಕಷ್ಟಕಾಲದಲ್ಲಿ ಮೊದಲು ಬಾಗಿಲು ತಟ್ಟುವ ಮನೆ, ಸಾವಿನ ಮನೆಗೆ ಕರೆಯದೆಯೇ ಅನ್ನ ಬೇಯಿಸಿ ಕಳುಹಿಸುವ ಮನೆ, ಇವು ಲಾತೆರಾನಿನ ಮಕ್ಕಳು.

ಜಕ್ಕಾಯನ ಮನೆಯನ್ನು ನೆನೆಯೋಣ. ಯೇಸುಸ್ವಾಮಿ ಅವನ ಮನೆಗೆ ಹೋದಾಗ ಅದು ಪವಿತ್ರವಾದ ಮನೆಯೇನೂ ಆಗಿರಲಿಲ್ಲ. ಸುಲಿಗೆಯ ಹಣದಿಂದ ತುಂಬಿದ ಮನೆ ಅದು. ಯೇಸು ಒಳಗೆ ಬಂದ ಮೇಲೆ ಜಕ್ಕಾಯ ಮಾಡಿದ ಮೊದಲ ಕೆಲಸ ಲೆಕ್ಕ ಸರಿಪಡಿಸಿದ್ದು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಆ ದಿನವೇ ಆ ಮನೆಗೆ ರಕ್ಷಣೆ ಬಂತೆಂದು ಪ್ರಭು ಸಾರಿದರು. ನಮ್ಮಲ್ಲಿಯೂ ಸರಿಪಡಿಸಬೇಕಾದ ಲೆಕ್ಕಗಳಿವೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೂ ತವರಿಗೆ ಬಂದ ಅಕ್ಕತಂಗಿಯರಿಗೆ ಒಂದು ಸೀರೆ ಕೊಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ನಿಂತಿಲ್ಲ. ಅವರು ಕಣ್ಣೀರು ನುಂಗಿ ಹಾಕಿದ ಸಹಿಯ ಮೇಲೆ ಕಟ್ಟಿದ ಮನೆಗೆ ತೀರ್ಥ ಪ್ರೋಕ್ಷಿಸಿದರೆ ಸಾಲದು, ಅವರಿಗೆ ನ್ಯಾಯವೂ ಸಲ್ಲಬೇಕು.

ಪ್ರಿಯರೇ, ಎಲ್ಲವನ್ನೂ ಒಂದೇ ದಿನ ಸರಿಮಾಡುವುದು ಆಗದ ಮಾತು. ಲಾತೆರಾನ್ ದೇವಾಲಯವೂ ಬಿದ್ದು ಎದ್ದು ನಿಂತದ್ದೇ. ಈ ವಾರ ಒಂದು ಗೋಡೆಯನ್ನು ಗುರುತಿಸೋಣ. ಮಾತುಬಿಟ್ಟ ಒಬ್ಬ ತಮ್ಮನಿರಬಹುದು, ಅತ್ತೆಯಿರಬಹುದು, ಬೇರೆ ಜಾತಿಯಲ್ಲಿ ಮದುವೆಯಾದಳೆಂದು ಮನೆಗೆ ಸೇರಿಸದ ಮಗಳಿರಬಹುದು. ಆ ಗೋಡೆಯಿಂದ ಒಂದು ಇಟ್ಟಿಗೆ ಕೀಳೋಣ: ಒಂದು ಫೋನ್ ಮಾಡೋಣ, ಹಬ್ಬದ ತಿಂಡಿಯ ಒಂದು ಪಾಲನ್ನು ಮಕ್ಕಳ ಕೈಯಲ್ಲಿ ಕಳುಹಿಸೋಣ, ಮುಂದಿನ ಭಾನುವಾರ ಅವರ ಬೆಂಚಿಗೇ ಹೋಗಿ ಕುಳಿತುಕೊಳ್ಳೋಣ. ಅವರು ಮುಖ ತಿರುಗಿಸಿದರೆ ಬೇಸರ ಬೇಡ, ಇನ್ನೊಂದು ಇಟ್ಟಿಗೆ ನಾಳೆಗಿರಲಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಯೇಸುಸ್ವಾಮಿ ನಮ್ಮನ್ನು ಕಳುಹಿಸಿದ್ದಾರೆ. ಆ ದಾರಿಯಲ್ಲಿ ಅವರೂ ನಮ್ಮ ಜೊತೆಗೆ ನಡೆಯುತ್ತಾರೆ.

ಈಗ ನಾವು ಬಲಿಪೀಠದ ಬಳಿಗೆ ಬರುತ್ತೇವೆ. ಪರಮಪ್ರಸಾದದಲ್ಲಿ ಪ್ರಭು ನಮ್ಮ ಹೃದಯದ ಹೊಸ್ತಿಲಿಗೆ ಬರುತ್ತಾರೆ. ಅವರು ಒಳಗೆ ಬರಲು ಜಾಗವಿರಲಿ. ಪ್ರಭುವೇ, ನಮ್ಮ ಹೃದಯದ ಮೇಜುಗಳನ್ನು ಮಗುಚಿಹಾಕಿರಿ, ಹಳೆಯ ಲೆಕ್ಕಗಳನ್ನು ಅಳಿಸಿರಿ, ನಾವು ಕಟ್ಟಿದ ಗೋಡೆಗಳನ್ನು ಕೆಡವುವ ಬಲ ಕೊಡಿರಿ. ಪ್ರಿಸ್ಕ ಅಕ್ವಿಲರ ಮನೆಯಲ್ಲಿ ನೆಲೆಸಿದಂತೆ ನಮ್ಮ ಮನೆಯಲ್ಲಿಯೂ ನೆಲೆಸಿರಿ. ನಜರೇತಿನ ಮನೆಯನ್ನು ನಡೆಸಿದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಆಮೆನ್.